ದ್ವೀಪದಾಚೆ ಕಾಣುವ ಟಿವಿ

ಬೆಳಿಗ್ಗೆ ಎದ್ದ ಗಾಳಿ ಇನ್ನೂ ನಿಂತಿರಲಿಲ್ಲ. ಜಲಜಳ ಗಂಡ ಬಚ್ಚ ಮೀನು ಹಿಡಿಯಲು ಹೋಗಿದ್ದ. ಮನೆಯ ಟಿವಿ ಕೆಟ್ಟು ಕೂತಿತ್ತು. ಕಡಲಿಗಿಳಿದವನನ್ನು ಟಿವಿಯಿಲ್ಲದೆ ನೋಡುವುದು ಹೇಗೆ? ಜಲಜ ಇದ್ದಬದ್ದ ದುಡ್ಡು ಹಿಡಿದು ಪೈಗಳ ಟಿವಿ ಅಂಗಡಿಗೆ ಬಂದಿದ್ದಳು.

“ನಿಮ್ಮ ದುಡ್ಡಿಗೆ ಈ ಬಣ್ಣದ್ದು ಬರ್ತದೆ ಅಕ್ಕ. ನೀರಿನ ಹನಿಯೂ ಕಾಣ್ತದೆ,” ಎಂದರು ಪೈಗಳು.

ಪರದೆಯ ಮೇಲಿನ ಕಡಲು ದ್ವೀಪದವರೆಗೆ ಹೋಗಿ ಮಬ್ಬಾಯಿತು.

“ನಮ್ಮ ದೋಣಿ ಅದರಾಚೆ ಹೋಗಿದೆ. ಬೇರೆ ಇಲ್ವಾ?”

“ಅದೇ ದುಡ್ಡಿಗೆ ಆ ಹಳೇ ಕಪ್ಪು-ಬಿಳುಪಿನದು ಉಂಟು. ದೂರ ಕಾಣ್ತದೆ, ಆದ್ರೆ ಶಬ್ದ ಬರೂದಿಲ್ಲ.”

“ಅದನ್ನೇ ಹಾಕಿ.”

ಪೈಗಳು ಗುಂಡಿ ತಿರುಗಿಸಿದರು. ಆಳೆತ್ತರದ ಅಲೆಗಳ ನಡುವೆ ದೋಣಿ ಸಿಕ್ಕಿತು. ಅದರಲ್ಲಿ ಬಚ್ಚ ಕಾಣಲಿಲ್ಲ. ಜಲಜ ಪರದೆಗೆ ಮುಖ ತಾಗಿಸಿ ಹುಡುಕಿದಳು. ಕೊನೆಗೂ ಬಲೆಯ ರಾಶಿಯ ಹಿಂದಿನಿಂದ ಅವನು ಎದ್ದು ನಿಂತು ಏನೋ ಕೂಗಿದ. ಕೇಳಿಸಲಿಲ್ಲ.

“ಇದೇ ಇರಲಿ,” ಎಂದಳು.

ಪ್ಯಾಕ್ ಮಾಡಲೆಂದು ಪೈಗಳು ಸ್ವಿಚ್ಚಿಗೆ ಕೈ ಹಾಕಿದಾಗ ಆಕೆ ತಡೆದಳು. “ಬಂದ್ ಮಾಡ್ಬೇಡಿ ಮಾರಾಯ್ರೆ!”

ಪೈಗಳು ಸ್ಟೂಲು ಎಳೆದುಕೊಟ್ಟು ತಾವೂ ಪಕ್ಕದಲ್ಲಿ ನಿಂತರು. ಸಂಜೆ ದೋಣಿ ನದಿಯ ಅಳಿವೆ ದಾಟಿ ಒಳಬಂದದ್ದೇ ತಡ, ಜಲಜ ಟಿವಿಯನ್ನು ಅಲ್ಲೇ ಬಿಟ್ಟು ಬಂದರಿನತ್ತ ಓಡಿದಳು.