ಎರಡಂಗುಲ ಹೆಚ್ಚಿಗೆ

ಟೇಪು ಹಿಡಿದ ತಾಯಿಯ ಕೈ ಮಗಳ ಸೊಂಟದ ಮೇಲೆ ಗಕ್ಕನೆ ನಿಂತಿತು. ಒಂದೇ ತಿಂಗಳಲ್ಲಿ ಎರಡಂಗುಲ ಹೆಚ್ಚಿಗೆ. ಕೈಕಾಲು ನೋಡಿದರೆ ಕಡ್ಡಿ. ಇಪ್ಪತ್ತು ವರ್ಷ ಊರವರ ಬಟ್ಟೆ ಹೊಲಿದವಳಿಗೆ ಅಳತೆ ತಪ್ಪುವುದಿಲ್ಲ.

“ಮುಟ್ಟು ನಿಂತಿದೆಯಾ?”

“ಹಿಂದೆಮುಂದೆ ಆಗ್ತಿದೆ.”

ತಾಯಿ ಎದ್ದು ಹೊಲಿಗೆ ಅಂಗಡಿಯ ಬಾಗಿಲು ಮುಂದಕ್ಕೆಳೆದಳು. “ಎರಡು ತುತ್ತಿಗೇ ಹೊಟ್ಟೆ ತುಂಬುತ್ತಾ? ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನ್ಸುತ್ತಾ?”

ಮಗಳು ಹೂಂ ಅಂದಳು. ಮುಂದಿನ ಪ್ರಶ್ನೆ ಏನೆಂದು ಅವಳಿಗೆ ಗೊತ್ತಿತ್ತು. ಪಕ್ಕದ ಮನೆಯವರ ಕಣ್ಣುಗಳು ವಾರದಿಂದ ಅದನ್ನೇ ಕೇಳುತ್ತಿದ್ದವು.

“ಅಮ್ಮಾ, ನಿನ್ನಾಣೆ, ನಾನು ಯಾರ ಜೊತೆಗೂ...”

“ಸುಮ್ನಿರು. ಚಪ್ಪಲಿ ಹಾಕ್ಕೋ. ನಿಮ್ಮಪ್ಪ ಬರೋದ್ರೊಳಗೆ ಹೋಗಿಬರೋಣ.”

ಸ್ಕ್ಯಾನಿಂಗ್ ಕೋಣೆಯ ಹೊರಗೆ ಬಸುರಿಯರ ಸಾಲು. ಮಗಳು ಬಾಟಲಿಗಟ್ಟಲೆ ನೀರು ಕುಡಿದು ತುಟಿ ಕಚ್ಚಿ ಕೂತಳು. ಪಕ್ಕದವಳು ಅಕ್ಕರೆಯಿಂದ ಕೇಳಿದಳು, “ಎಷ್ಟು ತಿಂಗಳು?”

ತಾಯಿ ಮಗಳ ಮುಂಗೈಯನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಳು.

ಒಳಗೆ ಡಾಕ್ಟರಮ್ಮ ಹೊಟ್ಟೆಗೆ ತಣ್ಣನೆಯ ಜೆಲ್ ಸವರಿ, ಪರದೆಯನ್ನು ತಾಯಿಯ ಕಡೆ ತಿರುಗಿಸಿದರು.

“ಗರ್ಭ ಅಲ್ಲ. ಎಡಗಡೆ ಅಂಡಾಶಯದಲ್ಲಿ ಸಿಸ್ಟ್ ಇದೆ, ನೀರು ತುಂಬಿರೋ ಗಡ್ಡೆ. ಸಣ್ಣ ಕಲ್ಲಂಗಡಿಯಷ್ಟು ಬೆಳೆದಿದೆ. ಕೆಟ್ಟದ್ದರ ಹಾಗೆ ಕಾಣ್ತಿಲ್ಲ, ಆದ್ರೆ ತಿರುಚಿಕೊಂಡ್ರೆ, ಒಡೆದ್ರೆ ಜೀವಕ್ಕೇ ಅಪಾಯ. ಈ ವಾರವೇ ಆಪರೇಷನ್ ಮಾಡಿಬಿಡೋಣ. ಸರಿಯಾದ ಸಮಯಕ್ಕೆ ಕರ್ಕೊಂಡು ಬಂದ್ರಿ.”

ಮಗಳು ಎದ್ದು ಕೂತಳು. ಬೆಳಗಿನಿಂದ ತಡೆದಿಟ್ಟಿದ್ದ ಅಳು ಈಗ ಒತ್ತರಿಸಿ ಬಂತು.

“ಈಗಲಾದ್ರೂ ನಂಬ್ತೀಯಾ?”

“ನಿನ್ನ ಮೇಲೆ ನನಗೆ ಅನುಮಾನ ಬಂದಿದ್ದೇ ಇಲ್ಲ,” ಎಂದಳು ತಾಯಿ. “ಯಾರು ಅಂತ ಒಂದು ಸಲನಾದ್ರೂ ಕೇಳಿದ್ನಾ? ಟೇಪು ಹಿಡಿದಾಗಲೇ ಗೊತ್ತಾಯ್ತು, ಗಡ್ಡೆ ಅಂತ.”

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. “ಮನೇಲಿ ಬೇರೆ ಯಾರಿಗಾದ್ರೂ ಆಗಿತ್ತಾ?”

“ನನ್ನ ತಂಗಿಗೆ. ಸತ್ತ ಮೇಲೆ ಕುಯ್ದು ನೋಡಿ ಹೇಳಿದ್ರು.”

ಮಗಳು ಕಣ್ಣೊರೆಸಿಕೊಂಡು ತಾಯಿಯನ್ನೇ ನೋಡಿದಳು. “ಚಿಕ್ಕಮ್ಮ ಯಾರ ಜೊತೇನೋ ಓಡಿಹೋದ್ಲು ಅಂದಿದ್ದೆ?”

“ಓಡಿಹೋಗೋಕೆ ಬಾಗಿಲು ತೆಗೆದಿದ್ರಲ್ವಾ? ಯಾರದು ಅಂತ ಬಾಯಿಬಿಡೋವರೆಗೂ ಬಿಡಲ್ಲ ಅಂತ ಕೋಣೇಲಿ ಕೂಡಿಹಾಕಿದವಳು ನಾನೇ. ಹೊಟ್ಟೆನೋವು ಅಕ್ಕಾ ಅಂತ ಎರಡು ದಿನ ಬಾಗಿಲು ಬಡಿದ್ಲು. ನಾಟಕ ಅಂದ್ಕೊಂಡೆ. ಮೂರನೇ ದಿನ ಬಡಿಯೋದು ನಿಂತಿತು.”