ಎತ್ತಿಟ್ಟ ತಟ್ಟೆ

“ಅವರು ಆ ಸಾಲಿನಲ್ಲಿ ಕೂರುವ ಹಾಗಿಲ್ಲ. ಎಬ್ಬಿಸಿ,” ಎಂದರು ಡಾಕ್ಟರ್ ಸೌದಾಮಿನಿ.

ಶ್ರೀಕಂಠನಿಗೆ ಮೈಯೆಲ್ಲ ಉರಿದುಹೋಯಿತು. ಲಾಸ್ ಆಲ್ಟೋಸ್‌ನಲ್ಲಿ ಇಷ್ಟು ದೊಡ್ಡ ಮನೆ, ಇಷ್ಟು ಓದು, ಬುದ್ಧಿ ಮಾತ್ರ ಇದು! ವರ್ಷಕ್ಕೊಮ್ಮೆ ತಮ್ಮೂರ ದೇವಿಯ ಪೂಜೆಗೆ ಕನ್ನಡದವರನ್ನೆಲ್ಲ ಕರೆಯುವ ಹೆಂಗಸು. ಹೊಸಬರಿದ್ದರೆ ಕರೆತನ್ನಿ ಎಂದವರೂ ಇವರೇ. ಅದಕ್ಕೇ ಅವನು ತನ್ನ ಡಾಟ್‌ಕಾಮ್ ಕಂಪನಿಗೆ ಆಗಷ್ಟೇ ಸೇರಿದ್ದ ಮಂಗಳೂರು ಕಡೆಯ ಮುಸ್ಲಿಂ ಹುಡುಗ ಇದಿನಬ್ಬನನ್ನು ಕರೆತಂದಿದ್ದ.

ಸ್ಯಾನ್ ಮಟಿಯೋದಿಂದ ಫ್ರೀವೇ ಉದ್ದಕ್ಕೂ ಶ್ರೀಕಂಠನದೇ ಭಾಷಣ. ವಿಜಯನಗರದ ರಾಜರು ಬಂದರಿನಲ್ಲಿ ಕೂತು ಜಾತಿ ಧರ್ಮ ವಿಚಾರಿಸಿದ್ದರೆ ಅರಬ್ಬರ ಕುದುರೆ ಬರುತ್ತಿತ್ತೇ, ನಮ್ಮ ಮೆಣಸು ಹಡಗು ಹತ್ತುತ್ತಿತ್ತೇ? ಇದಿನಬ್ಬ ನಗುತ್ತ ಕೇಳಿಸಿಕೊಂಡಿದ್ದ. ಬಾಯಿ ಬಿಟ್ಟು ಏನೂ ಕೇಳದ ಸಂಕೋಚದ ಆಸಾಮಿ.

ಒಳಗೆ ಬಂದವನು ದೇವಿಯ ಪಟ ಕಂಡು ಗಕ್ಕನೆ ನಿಂತಿದ್ದ. ಆಮೇಲೆ ಬಾಗಿಲ ಬಳಿಯ ಕೊನೆಯ ಸಾಲಿನಲ್ಲಿ ಮುದುಡಿ ಕೂತ. ಸೌದಾಮಿನಿ ಯಾವೂರು, ಯಾರ ಮನೆಯೆಂದು ವಿಚಾರಿಸಿದರು. ನಿಮ್ಮದೇ ಊರು, ಬಂದರಮನೆ ಎಂದ. ಅವರ ಮುಖ ಬಿಳಿಚಿಕೊಂಡಿತು. ಎಬ್ಬಿಸಿ ಎಂಬ ಮಾತು ಬಂದದ್ದು ಆಗಲೇ.

“ಬಿಡಿ ಶ್ರೀಕಂಠ, ಅಕ್ಕ ಪದ್ಧತಿ ಪ್ರಕಾರವೇ ಹೇಳುವುದು,” ಎಂದು ಇದಿನಬ್ಬ ಎದ್ದ.

ಅವಮಾನ ನುಂಗಿಕೊಂಡು ಏಳುತ್ತಾನಲ್ಲ, ಛೆ! ಶ್ರೀಕಂಠನ ಸಿಟ್ಟು ನೆತ್ತಿಗೇರಿತು.

“ಎಂಥ ಪದ್ಧತಿ ರೀ? ಇದು ನೈಂಟೀನ್ ನೈಂಟಿನೈನು.”

ಸೌದಾಮಿನಿ ಏನೋ ಹೇಳಹೊರಟರು. ಅವನು ಬಿಟ್ಟರೆ ತಾನೇ? ದೇವಿಯ ಮುಂದೆ ಬಾಳೆಲೆ ಮುಚ್ಚಿದ ಪಂಚಕಜ್ಜಾಯದ ತಟ್ಟೆಯಿತ್ತು. ಪ್ರತಿ ವರ್ಷವೂ ಮಿಕ್ಕವರಿಗೆ ಹಂಚುವ ಮೊದಲು ಅದೊಂದನ್ನು ಎತ್ತಿಡುತ್ತಿದ್ದರು. ಮನೆಯವರೂ ಮುಟ್ಟುವಂತಿರಲಿಲ್ಲ. ಇವರ ಮಡಿಯ ಗರ್ವವೆಲ್ಲ ಅದರಲ್ಲೇ ಇದೆ ಎನಿಸಿತು ಅವನಿಗೆ. ಎಲೆ ಕಿತ್ತೆಸೆದು ಒಂದು ಹಿಡಿ ಬಾಯಿಗೆ ತುಂಬಿಕೊಂಡ.

“ತಗೊಳ್ಳಿ, ನಾನೇ ಮೈಲಿಗೆ ಮಾಡಿದೆ. ಈಗ ಇಬ್ಬರನ್ನೂ ಒಟ್ಟಿಗೇ ಆಚೆ ಕಳಿಸಿ.”

ಸೌದಾಮಿನಿಯ ಕಣ್ಣು ತುಂಬಿತ್ತು. ಅವರು ನೇರವಾಗಿ ಇದಿನಬ್ಬನ ಬಳಿ ಹೋಗಿ, ಕೈಮುಗಿದು, ದೇವಿಯ ಎದುರಿನ ಮಣೆ ತೋರಿಸಿದರು. ಆಮೇಲೆ ಶ್ರೀಕಂಠನ ಕಡೆ ತಿರುಗಿದರು.

“ದೇವಿಯ ಗುಡಿ ಕಟ್ಟಿಸಿದ್ದೇ ಇವರ ಹಿರಿಯರು ಮಾರಾಯ್ರೆ, ಹಡಗಿನ ವ್ಯಾಪಾರದವರು; ಮುನ್ನೂರು ವರ್ಷದಲ್ಲಿ ಬಂದರಮನೆಯ ತಟ್ಟೆಗೆ ಬೇರೆಯವರು ಕೈ ಹಾಕಿದ್ದು ಇವತ್ತೇ.”