ಇಡಿಯಾಗಿ ಕಳಿಸಿ

ಸಾತಪ್ಪ ಆ ಕಾರ್ಡನ್ನು ಮೂರನೆಯ ಸಲ ಓದಿದ.

“ಕಾರಿನ ಇಂಜಿನ್ ಇನ್ನೊಂದು ಬೇಕು. ಬಿರುಕು ಬಿಟ್ಟಿದ್ದರೂ ಅಡ್ಡಿಯಿಲ್ಲ. ಬಿಚ್ಚಬೇಡಿ, ಇಡಿಯಾಗಿ ಕಳಿಸಿ. ಕೆಂಚಪ್ಪ, ಮೋಟಾರು ಡ್ರೈವರ್, ಮೂಡಲಗಿ.”

ಒಂದೂವರೆ ವರ್ಷದಲ್ಲಿ ಇದು ಐದನೆಯದು. ಒಡೆದ ಇಂಜಿನ್ ತರಿಸಿಕೊಂಡು ಈ ಮನುಷ್ಯ ಮಾಡುವುದಾದರೂ ಏನು?

ಮಹಾಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಮೋಟಾರುಗಳನ್ನು ಗೋಕಾಕದಲ್ಲಿ ಬಿಚ್ಚಿ ಮಾರುವುದು ಸಾತಪ್ಪನ ದಂಧೆ. ಹೆಂಡತಿ ತೀರಿಕೊಂಡ ಮೇಲೆ ಮನೆಗೆ ಬೀಗ ಹಾಕಿ ಶೆಡ್ಡಿನಲ್ಲೇ ಮಲಗುತ್ತಿದ್ದ. ಊಟಕ್ಕೆ ಖಾನಾವಳಿ. ಕೆಲವು ದಿನ ಸಂಜೆಯವರೆಗೂ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆಮೇಲೆ ಯಾರಾದರೂ ಕರೆದರೆ ದನಿ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಅವನಿಗಿದ್ದ ಹೆಮ್ಮೆ ಒಂದೇ. ಎಂಥ ಭಾರದ ಸಾಮಾನನ್ನೂ ಅಗ್ಗದಲ್ಲಿ, ಗೀರು ಬೀಳದಂತೆ ಮುಟ್ಟಿಸುತ್ತಿದ್ದ. ಎಣ್ಣೆ ಬಸಿದು, ತೂತುಗಳಿಗೆ ಚಿಂದಿ ತುರುಕಿ, ಗೋಣಿತಟ್ಟು ಸುತ್ತಿ, ಹಲಗೆಯ ಪೆಟ್ಟಿಗೆಯಲ್ಲಿಟ್ಟು ಸುತ್ತಲೂ ಕಬ್ಬಿನ ಒಣ ಎಲೆಯ ರವದಿ ಒತ್ತಿ ತುಂಬುವನು. ಲಾರಿ ಬಾಡಿಗೆ ದುಬಾರಿ. ಬೆಲ್ಲ ತರಲು ಕೊಣ್ಣೂರಿನಿಂದ ಮೂಡಲಗಿಗೆ ಹೋಗುವ ಚಕ್ಕಡಿಗಳು ಗೋಕಾಕದ ಮೇಲೆ ಖಾಲಿಯಾಗಿಯೇ ಹಾಯುತ್ತವೆ ಎಂಬುದು ಹೊಳೆದದ್ದು ಅವನಿಗೇ. ಇನ್ನಷ್ಟು ಅಗ್ಗವಾಗಲೆಂದು ಮೂರನೆಯ ಇಂಜಿನನ್ನು ಬಿಚ್ಚಿ ನಾಲ್ಕು ಸಣ್ಣ ಪೆಟ್ಟಿಗೆಗಳಲ್ಲಿ ಕಳಿಸಿದ್ದ. ಧನ್ಯವಾದದ ಬದಲು ಬಂದದ್ದು ಆಕ್ಷೇಪದ ಕಾರ್ಡು: ಬಿಚ್ಚಬೇಡಿ.

ಮರುದಿನ ಚಕ್ಕಡಿಗಳು ಬಂದಾಗ ಸಾತಪ್ಪ ಮುಂದಾಳು ಯಲ್ಲಾರಿಯನ್ನು ತಡೆದು ಕೇಳಿದ.

“ಅಲ್ಲಿ ಪೆಟ್ಟಿಗಿ ಇಳಿಸಿದ್ದಕ್ಕ ಕೂಲಿ ಎಷ್ಟ ಕೊಡ್ತಾರಪಾ?”

“ಕೂಲಿ ನಾವ ಬ್ಯಾಡ ಅಂತೇವ್ರಿ ಕಾಕಾ.”

“ಯಾಕ?”

ಯಲ್ಲಾರಿ ಎತ್ತಿನ ಕೊರಳು ತಿಕ್ಕತೊಡಗಿದ. “ಕುಡದ ಹೋಗ್ರಿ ಅಂತಾರ. ಕುಡದ ಮ್ಯಾಲ ಕೂಲಿ ಹೆಂಗ ಕೇಳೂದ್ರಿ?”

ಪಾನನಿರೋಧದ ಕಾಯ್ದೆ ಬಂದು ಮೂರು ವರ್ಷವಾಗಿತ್ತು. ಬಾಟಲಿ ಅಡಗಿಸಲು ಒಡೆದ ಇಂಜಿನಿಗಿಂತ ಒಳ್ಳೆಯ ಜಾಗ ಇನ್ನಾವುದು? ಬಿಚ್ಚಿದರೆ ಅಡಗಿಸುವುದೆಲ್ಲಿ? ಪೊಲೀಸರು ಹಿಡಿದರೆ ಪೆಟ್ಟಿಗೆಯ ಮೇಲಿರುವ ಹೆಸರು ತನ್ನದೇ.

“ಈ ಸಲ ನಾನೂ ಬರ್ತೇನಿ,” ಎಂದ ಸಾತಪ್ಪ.

ಇಂಜಿನಿನ ಪೆಟ್ಟಿಗೆಗೆ ಒರಗಿಯೇ ದಾರಿ ಸವೆಸಿದ. ಮೂಡಲಗಿ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ಊರ ಅಂಚಿನ ಒಂದು ಮನೆಯೆದುರು ಚಕ್ಕಡಿ ನಿಂತಿತು. ಗ್ಯಾರೇಜಿಲ್ಲ. ಅಂಗಳದಲ್ಲಿ ಎಣ್ಣೆಯ ಒಂದು ಕಲೆಯೂ ಇಲ್ಲ. ಬಾಗಿಲು ತೆರೆದವಳು ಐವತ್ತರ ಆಸುಪಾಸಿನ ಹೆಂಗಸು. ಯಲ್ಲಾರಿ ಮತ್ತು ಮೂವರು ಜೊತೆಗಾರರು ಬಿದಿರ ಗಳಕ್ಕೆ ಹಗ್ಗ ಬಿಗಿದು, ಉಸ್ಸೆನ್ನುತ್ತ ಪೆಟ್ಟಿಗೆಯನ್ನು ಒಳಗೊಯ್ದರು. ಸಾತಪ್ಪ ಅವರ ಬೆನ್ನಿಗೇ ನುಗ್ಗಿದ.

ನಡುಮನೆಯ ಗೋಡೆಯುದ್ದಕ್ಕೂ ಅವನ ಪೆಟ್ಟಿಗೆಗಳು ಸಾಲಾಗಿದ್ದವು. ಅವನು ಹೊಡೆದ ಮೊಳೆಗಳು ಹೊಡೆದಲ್ಲೇ ಇದ್ದವು. ಒಂದನ್ನೂ ತೆರೆದಿರಲಿಲ್ಲ.

ಹೆಂಗಸು ಪೆಟ್ಟಿಗೆಗಳ ಮೇಲೆ ಕಂಬಳಿ ಹಾಸಿದಳು. “ಕೂಡ್ರಿ, ದಣದೀರಿ.” ಕುದಿಯುವ ಚಹಾ ತಂದು ಬಟ್ಟಲುಗಳಿಗೆ ಬಸಿದಳು. ಯಲ್ಲಾರಿಯ ಮಗಳ ಕೆಮ್ಮು ಹೇಗಿದೆ ಎಂದು ಕೇಳಿದಳು. ಇನ್ನೊಬ್ಬನ ಎತ್ತಿನ ಗೊರಸು ವಾಸಿಯಾಯಿತೇ ಎಂದಳು. ಉತ್ತರ ಮುಗಿಯುವವರೆಗೂ ಪ್ರತಿಯೊಬ್ಬನ ಮುಖವನ್ನೇ ನೋಡುತ್ತ ನಿಂತಳು.

“ಕೆಂಚಪ್ಪ ಎಲ್ಲೆದಾರ?” ಸಾತಪ್ಪ ಬಿರುಸಾಗಿಯೇ ಕೇಳಿದ.

ಅವಳು ಪಾತ್ರೆ ಕೆಳಗಿಟ್ಟಳು. “ನಮ್ಮ ಯಜಮಾನರ್ರಿ. ಅವರು ನಡಸೂ ಮೋಟಾರ ಹಳ್ಳಕ್ಕ ಬಿತ್ತಲ್ರಿ, ಮೂರ ವರ್ಷ ಆತು. ಊರಾನ ಒಂಬತ್ತ ಮಂದಿ ಅವರ ಜೋಡೀನ ಹೋದ್ರು. ಅವತ್ತಿನಿಂದ ಊರಾಗ ಯಾರೂ ನನ್ನ ಮಾತಾಡಸೂದಿಲ್ಲ. ಅವರ ಹೆಸರಿಲೆ ಕಾರ್ಡ ಬರದ ಕೊಡೂ ಟಪಾಲಿನವನೂ ಅಂಗಳದಾಗ ನಿಂತ ಬರೀತಾನ.”

ಸಾತಪ್ಪ ಕಂಬಳಿಯ ಅಂಚನ್ನು ಸುಮ್ಮನೆ ಸವರಿದ.

“ಹಂಗಾರ ಈ ಒಡಕ ಇಂಜಿನ್ ಯಾಕ ಬೇಕವ್ವ ನಿಮಗ? ಕಬ್ಬಿಣಾನ ಬೇಕಂದ್ರ ಹಗರಾಗಿದ್ದು ಏನರ ಕಳಸ್ತಿದ್ದೆ.”

“ಹಗರಾಗಿದ್ದು ಒಬ್ಬಾಂವ ಬಂದು ಹೊಸ್ತಿಲದಾಗ ಇಟ್ಟು ಹೋಗ್ತಾನ್ರಿ,” ಅವಳು ಅವನ ಬಟ್ಟಲಿಗೆ ಮತ್ತಷ್ಟು ಚಹಾ ಬಸಿದಳು, “ಇಂಜಿನ್ನಾದ್ರ ನಾಕ ಮಂದಿ ಮನಿ ಒಳಗ ಬರಬೇಕು.”